ಹೋರೆಬ್ ಬೀದಿಯ ಆರನೇ ಡೇವಿಸ್

ಅಬರ್‌ವೆನ್ ಪಟ್ಟಣದ ಹೋರೆಬ್ ಬೀದಿಯಲ್ಲಿ ಆರು ಮಂದಿ ಡೇವಿಸ್‌ಗಳಿದ್ದರು. ಬೀದಿಯ ತುದಿಯಲ್ಲಿ ನಿಂತು ‘ಡೇವಿಸ್’ ಎಂದು ಕೂಗಿದರೆ ಆರು ಕಿಟಕಿಗಳು ತೆರೆದುಕೊಳ್ಳುತ್ತಿದ್ದವು. ಈ ಗೊಂದಲ ತಪ್ಪಿಸಲು ಬೀದಿಯೇ ಒಬ್ಬೊಬ್ಬರಿಗೂ ಒಂದೊಂದು ಬಿರುದು ದಯಪಾಲಿಸಿತ್ತು. ಹಾಲು ಹಾಕುತ್ತಿದ್ದವನು ಹಾಲು ಡೇವಿಸ್. ಅವನು ಹಾಲನ್ನು ಬಿಟ್ಟು ಎಷ್ಟೋ ವರ್ಷವಾಗಿತ್ತು, ಬಿರುದು ಮಾತ್ರ ಅವನನ್ನು ಬಿಟ್ಟಿರಲಿಲ್ಲ. ಶವಪೆಟ್ಟಿಗೆ ಮಾಡುವವನು ಪೆಟ್ಟಿಗೆ ಡೇವಿಸ್. ಯಾವುದೋ ಕಾಲದಲ್ಲಿ ಒಮ್ಮೆ ಏಣಿಯಿಂದ ಬಿದ್ದವನು ಸಾಯುವವರೆಗೂ ಏಣಿ ಡೇವಿಸ್.

ಆರನೆಯವನೇ ನಮ್ಮ ಹೆವಿನ್ ಡೇವಿಸ್. ಅರ್ಧ ಆಯುಸ್ಸು ಬಸ್ಸು ಓಡಿಸಿ ನಿವೃತ್ತನಾದರೂ ಯಾರೂ ಅವನನ್ನು ಬಸ್ ಡೇವಿಸ್ ಎನ್ನಲಿಲ್ಲ. ಬೀದಿ ಅವನಿಗೆ ಕೊಟ್ಟ ಬಿರುದು ‘ಎಲಿನೆಡ್ ಗಂಡ’.

ಎಲಿನೆಡ್, ಬೀದಿಯ ಪ್ರಾರ್ಥನಾ ಮಂದಿರವಾದ ಹೋರೆಬ್ ಚಾಪೆಲಿನ ಗಾಯನ ತಂಡದ ನಾಯಕಿ. ಅವಳು ಕೈ ಎತ್ತಿದರೆ ನಲವತ್ತು ಗಂಟಲುಗಳು ತೆರೆಯುತ್ತಿದ್ದವು, ಇಳಿಸಿದರೆ ಮುಚ್ಚುತ್ತಿದ್ದವು. (ಹೆವಿನ್‌ನ ಗಂಟಲು ಎರಡೂ ಸಂದರ್ಭಗಳಲ್ಲಿ ಮುಚ್ಚಿಯೇ ಇರುತ್ತಿತ್ತು.)

“ಈ ಬೀದೀಲಿ ನಂಗೂ ಅಂತ ಒಂದು ಹೆಸರು ಬೇಡ್ವೇನೇ?” ಎಂದು ಒಂದು ದಿನ ಅವನು ಗೋಳಾಡಿದ.

“ಇಟ್ಕೊಳಪ್ಪಾ, ಯಾರು ಬೇಡ ಅಂದ್ರು?”

“ನಾನೇ ಇಟ್ಕೊಂಡ್ರೆ ನಡೆಯಲ್ಲ ಕಣೇ. ಬೀದಿಯೋರು ಇಡ್ಬೇಕು.”

“ಅವ್ರು ಇಡ್ಬೇಕಾದ್ರೆ ನೀನು ಏನಾದ್ರೂ ಸಾಧನೆ ಮಾಡ್ಬೇಕು. ಮೊದ್ಲು ಆ ಕುರ್ಚಿಯಿಂದ ಎದ್ದು ಸಾಧಿಸು, ನಾನು ಕೆಳಗೆ ಗುಡಿಸ್ಬೇಕು.”

ಸಾಧನೆಯ ಅವಕಾಶ ಆ ವಾರವೇ ಒದಗಿಬಂತು. ಹೋರೆಬ್ ಬೀದಿಯಲ್ಲಿ ಕಸದ ಲಾರಿಗಾಗಿ ಒಂದು ವಾರ ಖಾಲಿ ಗಾಜಿನ ಸೀಸೆಗಳ ನೀಲಿ ಬುಟ್ಟಿ ಹೊರಗಿಡಬೇಕು, ಮರುವಾರ ರದ್ದಿ ಕಾಗದದ ಚೀಲ. ಯಾವ ವಾರ ಯಾವುದು ಎಂದು ತಿಳಿಸುವ ನಗರಸಭೆಯ ಪಟ್ಟಿ ಎರಡು ಭಾಷೆಗಳಲ್ಲಿ ಬರುತ್ತಿತ್ತು. ಎರಡರಲ್ಲೂ ಯಾರಿಗೂ ಅರ್ಥವಾಗುತ್ತಿರಲಿಲ್ಲ. ಹೀಗಾಗಿ ಎಲ್ಲರೂ ಬುಧವಾರ ಸಂಜೆ ಪರದೆಯ ಸಂದಿಯಿಂದ ಒಂದನೇ ಮನೆಯ ನೆಸ್ಟಾ ಪ್ಯೂ ಕಡೆಗೆ ನೋಡುತ್ತಿದ್ದರು. ನೆಸ್ಟಾ ಬುಟ್ಟಿ ಇಟ್ಟರೆ ಬೀದಿಗೆ ಬೀದಿಯೇ ಬುಟ್ಟಿ, ಚೀಲ ಇಟ್ಟರೆ ಚೀಲ. ಈ ಜ್ಞಾನಕ್ಕಾಗಿ ಬೀದಿ ಅವಳನ್ನು ‘ಪಂಚಾಂಗ ನೆಸ್ಟಾ’ ಎಂದು ಗೌರವಿಸಿತ್ತು.

ಆ ವಾರ ನೆಸ್ಟಾ ತಂಗಿಯ ಮನೆಗೆ ಹೋದಳು. ಬುಧವಾರ ಸಂಜೆಯಾದರೂ ಬೀದಿ ಬರಿದಾಗಿತ್ತು. ಎಲ್ಲ ಪರದೆಗಳೂ ಅನಾಥವಾಗಿ ಅಲುಗಾಡುತ್ತಿದ್ದವು.

“ನಾನು ಪಂಚಾಂಗ ಡೇವಿಸ್ ಆಗ್ತೀನಿ ನೋಡ್ತಿರು!” ಎಂದು ಹೆವಿನ್ ನೀಲಿ ಬುಟ್ಟಿಯನ್ನು ಎತ್ತಿಕೊಂಡ.

“ಈ ವಾರ ಬುಟ್ಟೀನೇ ಅಂತ ಗೊತ್ತಾ?” ಎಂದಳು ಎಲಿನೆಡ್.

“ನಾಯಕ ಆದವನು ಅನುಮಾನ ಪಡಬಾರ್ದು.”

ಅವನು ಬುಟ್ಟಿಯನ್ನು ಬಾಗಿಲ ಮುಂದೆ ಇಟ್ಟು, ಕೈಕೊಡವಿ, ಸೇನಾಪತಿಯಂತೆ ನಿಂತ. ಪೆಟ್ಟಿಗೆ ಡೇವಿಸ್‌ನ ಬಾಗಿಲು ತೆರೆಯಿತು, ಬುಟ್ಟಿ ಬಂತು. ಹಾಲು ಡೇವಿಸ್‌ನ ಬುಟ್ಟಿ ಬಂತು. ನೋಡುತ್ತಿದ್ದಂತೆ ಬೀದಿಯುದ್ದಕ್ಕೂ ನೀಲಿ ಬುಟ್ಟಿಗಳ ಪಥಸಂಚಲನ! ಹೆವಿನ್‌ನ ಕಣ್ಣು ತುಂಬಿ ಬಂತು.

ಅದು ಕಾಗದದ ವಾರವಾಗಿತ್ತು.

ಬೆಳಿಗ್ಗೆ ಬಂದ ಲಾರಿ ಬುಟ್ಟಿಗಳತ್ತ ತಿರುಗಿಯೂ ನೋಡದೆ ಹೊರಟುಹೋಯಿತು. ಜನ ಅದಕ್ಕೆ ಮೊದಲೇ ಕೆಲಸಕ್ಕೆ ಹೋಗಿದ್ದರು. ಮಧ್ಯಾಹ್ನದ ಹೊತ್ತಿಗೆ ಸಮುದ್ರದ ಕಡೆಯಿಂದ ಗಾಳಿ ಎದ್ದಿತು. ಹೋರೆಬ್ ಬೀದಿಯೋ ಗುಡ್ಡದ ನೆತ್ತಿಯಿಂದ ಚಾಪೆಲಿನ ಗೇಟಿನವರೆಗೆ ಜಾರುಬಂಡೆಯಂಥ ಇಳಿಜಾರು. ಮೇಲಿನ ಬುಟ್ಟಿ ಉರುಳಿ ಕೆಳಗಿನದಕ್ಕೆ ಗುದ್ದಿತು, ಅದು ಅದರ ಕೆಳಗಿನದಕ್ಕೆ.

ಇಲ್ಲಿ ಒಂದು ವಿಷಯ ಹೇಳಲೇಬೇಕು. ಹೋರೆಬ್ ಚಾಪೆಲಿನವರು ಮದ್ಯ ಮುಟ್ಟುವುದಿಲ್ಲವೆಂದು ಪ್ರತಿಜ್ಞೆ ಮಾಡಿದವರು. ಅವರ ಬುಟ್ಟಿಗಳಲ್ಲಿ ಮೇಲೆ ಕಾಣುವುದು ಜಾಮಿನ ಸೀಸೆ, ಉಪ್ಪಿನಕಾಯಿಯ ಸೀಸೆ. ಕೆಳಗೇನಿರುತ್ತದೆ ಎಂದು ಯಾರೂ ಯಾರನ್ನೂ ಕೇಳುತ್ತಿರಲಿಲ್ಲ. ಅದು ನೆರೆಹೊರೆಯ ಸಭ್ಯತೆ.

ಸಂಜೆ ಹಾಡಿನ ಅಭ್ಯಾಸಕ್ಕೆಂದು ಇಡೀ ಬೀದಿ ಚಾಪೆಲಿನ ಗೇಟಿಗೆ ಬಂದಾಗ ಆ ಸಭ್ಯತೆಯೆಲ್ಲ ಅಲ್ಲಿ ರಾಶಿ ಬಿದ್ದಿತ್ತು. ವಿಸ್ಕಿ, ಜಿನ್ನು, ರಮ್ಮು. ಪಾದ್ರಿ ರೋಲೆಂಡ್ಸ್ ಒಂದು ಬಾಟಲಿಯನ್ನು ಸತ್ತ ಇಲಿಯಂತೆ ಕತ್ತು ಹಿಡಿದು ಎತ್ತಿದರು.

“ಇವು ಯಾರವು?”

“ಮಳೆ ಬರೋ ಹಾಗಿದೆ” ಎಂದು ಪೆಟ್ಟಿಗೆ ಡೇವಿಸ್ ಆಕಾಶ ನೋಡಿದ.

“ನಾನು ಬರೀ ಹಾಲು” ಎಂದ ಹಾಲು ಡೇವಿಸ್.

ಹೆವಿನ್ ಹೆಂಡತಿಯ ಕಡೆ ನೋಡಿದ. ನಲವತ್ತು ಗಂಟಲುಗಳ ಒಡತಿ ಸುಣ್ಣದಂತೆ ಬಿಳಿಚಿಕೊಂಡು ಶೆರಿ ಎಂಬ ಸಿಹಿ ಮದ್ಯದ ಎರಡು ಬಾಟಲಿಗಳನ್ನು ಮೆಲ್ಲನೆ ಕಾಲಿನಿಂದ ಬೇಲಿಯ ಕೆಳಗೆ ತಳ್ಳುತ್ತಿದ್ದಳು. ಭಾನುವಾರದ ಪುಡಿಂಗ್ ತಿಂದ ಮೇಲೆ ತನಗೆ ಅಷ್ಟು ಸೊಗಸಾದ ನಿದ್ದೆ ಏಕೆ ಬರುತ್ತಿತ್ತೆಂದು ಹೆವಿನ್‌ಗೆ ಆಗ ಹೊಳೆಯಿತು. ಚಾಪೆಲಿಗೆ ತಿಳಿದರೆ ನಾಳೆಯಿಂದ ಅವಳು ಕೈ ಎತ್ತುವಂತಿಲ್ಲ, ಇಳಿಸುವಂತಿಲ್ಲ. ಅವನು ಮುಂದೆ ಬಂದ.

“ನನ್ನವು ಪಾದ್ರಿಗಳೇ.”

“ಯಾವುದಪ್ಪಾ?”

“ಎಲ್ಲಾ.”

ಪಾದ್ರಿಗಳು ರಾಶಿಯನ್ನೊಮ್ಮೆ, ಅವನನ್ನೊಮ್ಮೆ ನೋಡಿ ಮೆಟ್ಟಿಲ ಮೇಲೆ ಕುಳಿತುಬಿಟ್ಟರು. “ಇಷ್ಟೂನಾ? ಹೋದ ಸಲ ಲಾರಿ ಬಂದಮೇಲೆ?”

“ಚಳಿ ಜಾಸ್ತಿ ಇತ್ತಲ್ಲ...”

ಬೀದಿಗೆ ಬೀದಿಯೇ ನಿಟ್ಟುಸಿರು ಬಿಟ್ಟಿತು. “ಅಯ್ಯೋ ಪಾಪ, ನಾವು ಪಕ್ಕದಲ್ಲೇ ಇದ್ದೂ ಗೊತ್ತಾಗ್ಲಿಲ್ವಲ್ಲ!” ಎಂದು ಪೆಟ್ಟಿಗೆ ಡೇವಿಸ್ ಕಣ್ಣೊರೆಸಿಕೊಂಡ.

ಮನೆಗೆ ಬಂದ ಎಲಿನೆಡ್ ಮೊದಲ ಸಲ ಗಂಡ ಕೇಳದೆಯೇ ಚಹಾ ತಂದುಕೊಟ್ಟಳು. “ಅಷ್ಟೂ ಯಾಕೆ ಒಪ್ಕೊಂಡೆ? ಒಂದೆರಡು ಅಂದಿದ್ರೆ ಸಾಕಿತ್ತು.”

“ಯಾವ ಒಂದೆರಡು ಅಂತ ಕೇಳಿದ್ರೆ?”

ಅವಳು ಅವನ ಹಣೆಗೆ ಮುತ್ತಿಟ್ಟಳು. ಇನ್ನು ತನಗೆ ‘ತ್ಯಾಗ ಡೇವಿಸ್’ ಎಂಬ ಬಿರುದು ಖಚಿತವೆಂದು ಹೆವಿನ್ ನಂಬಿದ.

ಶನಿವಾರ ಬ್ರೆಡ್ಡಿನ ಅಂಗಡಿಯಲ್ಲಿ ಯಾರೋ ಹೊಸಬಳು “ಅವರು ಯಾರು?” ಎಂದು ಪಿಸುಗುಟ್ಟಿದ್ದು ಅವನ ಕಿವಿಗೆ ಬಿತ್ತು.

“ಅವ್ನಾ? ಬಾಟ್ಲಿ ಡೇವಿಸ್. ಹೆಂಡ್ತಿ ಮಾತ್ರ ಪಾಪ, ದೇವತೆ.”

ನೆಸ್ಟಾ ಹಿಂದಿರುಗಿ ಪಂಚಾಂಗ ಸರಿಹೋಯಿತು. ಆದರೆ ಈಗ ನೀಲಿ ಬುಟ್ಟಿಯ ದಿನ ಬಂತೆಂದರೆ ಬೀದಿಯವರೆಲ್ಲ ಕೋಟಿನೊಳಗೆ ಏನನ್ನೋ ಅಡಗಿಸಿಕೊಂಡು ಒಬ್ಬೊಬ್ಬರಾಗಿ ಹೆವಿನ್‌ನ ಹಿತ್ತಲ ಬಾಗಿಲಿಗೆ ಬರುತ್ತಾರೆ.

“ನಿನ್ನ ಬುಟ್ಟೀಲೇ ಇರ್ಲಿ ಹೆವಿನ್” ಎನ್ನುತ್ತಾನೆ ಪೆಟ್ಟಿಗೆ ಡೇವಿಸ್. “ಹೇಗೂ ನಿಂಗೆ ಹೆಸರು ಬಂದಾಗಿದೆ. ನಮಗ್ಯಾಕೆ ಸುಮ್ನೆ?”

ಈಗ ಹೆವಿನ್‌ನ ಮನೆಯ ಮುಂದೆ ಮೂರು ನೀಲಿ ಬುಟ್ಟಿಗಳು. ಪಾದ್ರಿಗಳು ಅವನ್ನು ನೋಡಿ, ತಲೆ ಅಲ್ಲಾಡಿಸಿ, ಒಳಗೆ ಬಂದು ಕೂರುತ್ತಾರೆ. ಹುಟ್ಟಿದಾಗಿನಿಂದ ಒಂದು ಹನಿಯನ್ನೂ ಗುಟುಕರಿಸದ ಹೆವಿನ್ ಕೈಕಟ್ಟಿಕೊಂಡು ಮದ್ಯಪಾನದ ಕೆಡುಕುಗಳನ್ನು ಆಲಿಸುತ್ತಾನೆ.

“ಕಡಿಮೆ ಆಗೋ ಬದಲು ಹೆಚ್ಚಾಗ್ತಾ ಇದೆಯಲ್ಲಪ್ಪಾ!” ಎಂದು ಪಾದ್ರಿಗಳು ಕೊರಗುತ್ತಾರೆ.

ಆಗ ಎಲಿನೆಡ್ ಚಹಾದ ತಟ್ಟೆ ಹಿಡಿದು ಬಂದು, ಸೆರಗಿಲ್ಲದ ಕಾರಣ ಅಡುಗೆ ಬಟ್ಟೆಯಿಂದಲೇ ಕಣ್ಣೊತ್ತಿಕೊಂಡು ಹೇಳುತ್ತಾಳೆ:

“ನೀವಾದ್ರೂ ಸ್ವಲ್ಪ ಗಟ್ಟಿಯಾಗಿ ಬುದ್ಧಿ ಹೇಳಿ ಪಾದ್ರಿಗಳೇ. ನಾನು ಹೇಳಿ ಹೇಳಿ ಸಾಕಾಗಿದೆ.”