ಮನೆಗೆ ಮರಳಿದ ವಿಮಾನ

ಸ್ಕೂಟರನ್ನೇ ಗೋಡೆಗೆ ತಾಗಿಸದೆ ನಿಲ್ಲಿಸಲು ಬಾರದ ನನ್ನಂಥವನಿಗೆ ವಿಮಾನದ ಹುಚ್ಚು ಹಿಡಿದರೆ, ಅದರಲ್ಲಿ ಯಾರೂ ಕೂರದಿರುವುದೇ ಕ್ಷೇಮ. ನನ್ನದು ಪೈಲಟ್ ಇಲ್ಲದ ಪುಟ್ಟ ವಿಮಾನ. ಮೊಬೈಲಿನಿಂದ ದಾರಿಯನ್ನು ಮೊದಲೇ ತುಂಬಿಸಿಟ್ಟರೆ ತಾನೇ ಹೋಗಿ ತಾನೇ ಇಳಿಯುತ್ತದೆ. ಬಾಲ್ಯದ ಗೆಳೆಯ ರಾಜೇಸಾಬ ಹೊಲಿಗೆ ಕೆಲಸದವನು. ರೆಕ್ಕೆಗೆ ಬಟ್ಟೆ ಬಿಗಿದುಕೊಟ್ಟವನು ಅವನೇ. ಎರಡು ವರ್ಷದಿಂದ ಅದು ನವನಗರದ ನಮ್ಮ ಪಡಸಾಲೆಯ ತುಂಬ ಮಲಗಿತ್ತು. ಬಂದವರು ರೆಕ್ಕೆ ದಾಟಿ ಕೂರಬೇಕಿತ್ತು. ಕೊನೆಗೆ ಹೆಂಡತಿ ಖಡಾಖಂಡಿತವಾಗಿ ಹೇಳಿದಳು: "ಇಳಕಲ್ಲಿಗೆ ನಮ್ಮಣ್ಣನ ಮನಿಗೆ ಹೋಗಿ ಬಂತಂದ್ರ ಇರ್ಲಿ. ಇಲ್ಲಂದ್ರ ಗುಜರಿಗೆ ಹಾಕಿ ಪಡಸಾಲಿ ಖಾಲಿ ಮಾಡ್ರಿ."

ನಮ್ಮ ಕಡೆ ಅಷ್ಟು ದೂರ ಇಂಥದ್ದನ್ನು ಯಾರೂ ಹಾರಿಸಿದ್ದು ಕೇಳಿಲ್ಲ. ಹಾಗಾಗಿ ನನಗೆ ಗರ್ವ. ಪರವಾನಗಿ ಕಾಗದ ಬರುವಷ್ಟರಲ್ಲಿ ನಡೆದುಕೊಂಡೇ ಹತ್ತು ಸಲ ಇಳಕಲ್ಲಿಗೆ ಹೋಗಿ ಬರಬಹುದಿತ್ತು, ಆ ಮಾತು ಬೇರೆ.

ಇಲ್ಲೊಂದು ವಿಷಯ ಹೇಳಬೇಕು. ನಾನೂ ರಾಜೇಸಾಬನೂ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಡೆಯಾದ ಹಳೇ ಬಾಗಲಕೋಟೆಯವರು. ಊರು ಮುಳುಗಿದ ಮೇಲೆ ನವನಗರದಲ್ಲಿ ಕಟ್ಟಿಸಿಕೊಂಡದ್ದನ್ನು ನಾವು ಇಂದಿಗೂ 'ಪ್ಲಾಟು' ಎನ್ನುತ್ತೇವೆ. 'ಮನಿ' ಎಂದರೆ ನೀರಿನಲ್ಲಿರುವುದು. ದಾರಿ ತುಂಬಿಸಲು ಕೂತಾಗ ಮೊಬೈಲಿನ ನಕ್ಷೆಯಲ್ಲಿ ಬೇಸಿಗೆಯಲ್ಲಿ ತೆಗೆದ ಚಿತ್ರವಿತ್ತು. ನೀರಿಳಿದು ಹಳೇ ಓಣಿಯ ಗೆರೆಗಳು ಕಾಣುತ್ತಿದ್ದವು. ಇಬ್ಬರೂ ಕೆಲಸ ಮರೆತು ಅರ್ಧ ದಿನ ಅಲ್ಲೇ ಅಡ್ಡಾಡಿದೆವು. ನೆನಪಿಗಿರಲಿ ಎಂದು ಅಲ್ಲಿನ ನಮ್ಮ ಜಾಗಕ್ಕೆ 'ಮನಿ' ಎಂದು ಗುರುತು ಹಾಕಿದೆ; ನವನಗರದ ಜಾಗಕ್ಕೆ 'ಪ್ಲಾಟು' ಎಂದು.

ವಿಮಾನ ಹೋಯಿತು. ಇಳಕಲ್ಲಿನಿಂದ ಹೆಂಡತಿಯ ಅಣ್ಣ ಫೋನು ಮಾಡಿದ: "ಬಂತ್ರಿ. ಮಾಳಗಿ ಮ್ಯಾಲ ಇಳದೈತಿ." ನನಗೆ ಕಣ್ಣು ತುಂಬಿ ಬಂತು. ಆತ ತಂಗಿಗೆಂದು ಕುಬಸ ಹೊಲಿಸಿಕೊಳ್ಳಲು ಒಂದು ಖಣವನ್ನು ಅದರ ಹೊಟ್ಟೆಯೊಳಗಿಟ್ಟು, ನಾನು ಮೊದಲೇ ಕಳಿಸಿದ್ದ ಬ್ಯಾಟರಿ ಹಾಕಿ, ಕೈಯಿಂದ ಎಸೆದು ಹಾರಿಬಿಟ್ಟ.

ನಾವು ತಾರಸಿಯ ಮೇಲೆ ಕಾದೆವು. ಹೆಂಡತಿ ಆರತಿ ತಟ್ಟೆ ಹಿಡಿದು ನಿಂತಳು. ಮೊಬೈಲಿನಲ್ಲಿ ವಿಮಾನವನ್ನು ತೋರಿಸುತ್ತಿದ್ದ ಚುಕ್ಕೆ ನವನಗರದ ಕಡೆ ಹೊರಳಲೇ ಇಲ್ಲ. ನೆಟ್ಟಗೆ ಹಳೇ ಊರಿಗೆ ಹೋಗಿ, ತುಂಬಿ ನಿಂತ ಹಿನ್ನೀರಿನ ಮೇಲೆ ಒಂದು ಸುತ್ತು ಹಾಕಿ, ಮಾಯವಾಯಿತು.

"ಲೇ, ವಾಪಸ್ ಎಲ್ಲಿಗೆ ಬಾ ಅಂತ ಹೇಳಿದ್ದಿ ಅದಕ್ಕ?" ಎಂದ ರಾಜೇಸಾಬ.

"ಮನಿಗೆ."

ಅವನು ನನ್ನ ಮೊಬೈಲು ಕಸಿದುಕೊಂಡು ನಕ್ಷೆ ನೋಡಿದ. "ನಾನೂ ನೋಡಿದ್ನೆಲ್ಲೋ. ನಿಮ್ಮನಿ, ಬಾಜೂಕ ನಮ್ಮ ಅಂಗಡಿ. ಬರೋಬ್ಬರಿ ಐತಿ ಅಂತ ನಾನ ಅಂದೆ."

ಹೆಂಡತಿಯ ಮುಖ ನೋಡುವ ಧೈರ್ಯ ನನಗಿರಲಿಲ್ಲ. ಆದರೂ ಮಾತು ಮಾತೇ ಅಲ್ಲವೇ? "ಹೋಗಿ ಮನಿಗೆ ಬಂತಲ್ಲ, ಷರತ್ತು ಮುಗೀತು" ಎಂದೆ.

ಅವಳು ಆರತಿ ತಟ್ಟೆ ಕೆಳಗಿಟ್ಟಳು. "ಹಂಗಾರ ಮನಿಗೆ ಹೋಗಿ ನನ್ನ ಖಣ ತಗೊಂಡ್ ಬರ್ರಿ."

ಪಡಸಾಲೆ ಖಾಲಿ ಮಾಡುವ ಶ್ರಮವನ್ನೂ ವಿಮಾನ ನನಗೆ ಉಳಿಸಿಬಿಟ್ಟಿತು. ಈಗ ಬಂದವರು ಕಾಲು ಚಾಚಿ ಕೂತು ಚಹಾ ಕುಡಿಯುತ್ತಾರೆ. ನಾನು ಸೋತೆ, ಒಪ್ಪಿಕೊಂಡಿದ್ದೇನೆ. ಆದರೆ "ನಿಮ್ಮ ವಿಮಾನ ದಾರಿ ತಪ್ಪಿತಂತಲ್ರಿ" ಎಂದು ಯಾರಾದರೂ ನಕ್ಕರೆ, ನಾನೂ ರಾಜೇಸಾಬನೂ ಒಟ್ಟಿಗೇ ಎದ್ದು ಜಗಳಕ್ಕೆ ನಿಲ್ಲುತ್ತೇವೆ.