ಕಂಪ್ರೆಸರಿಗೆ ಥಂಡಿ ಹತ್ತುವುದಿಲ್ಲ

ದೀಪಾವಳಿ ಮುಗಿದು ಪುಣೆಯ ಜನ ಎಸಿ ಬಂದ್ ಮಾಡಿದರೆ ಎಸಿ ರಿಪೇರಿಯವನಿಗೆ ಹೋಳಿಯವರೆಗೆ ಆರಾಮ ಅಂತ ನೀವು ತಿಳಿದಿರಬಹುದು. ಆದರೆ ನನ್ನ ಫಜೀತಿಗಳೆಲ್ಲ ಪ್ರತಿ ವರ್ಷ ಆಗುವುದು ಆ ದಿನಗಳಲ್ಲೇ.

ಮೊದಲು ಒಂದು ವಿಷಯ ಬಿಡಿಸಿ ಹೇಳುತ್ತೇನೆ, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ಎಸಿಗೆ ಎರಡು ಪೆಟ್ಟಿಗೆ. ಒಂದು ಒಳಗೆ ಗೋಡೆಯ ಮೇಲೆ, ಒಂದು ಹೊರಗೆ ಬಾಲ್ಕನಿಯಲ್ಲಿ. ಹೊರಗಿನದರಲ್ಲಿ ಕಂಪ್ರೆಸರ್ ಇರುತ್ತದೆ. ಚಳಿಗಾಲದಲ್ಲಿ ಕಸ ಬೀಳದಂತೆ ಆ ಪೆಟ್ಟಿಗೆಯ ತಲೆ ಮಾತ್ರ ಮುಚ್ಚಬೇಕು, ನಾಲ್ಕೂ ಬದಿ ಗಾಳಿ ಆಡಬೇಕು. ಪೂರ್ತಿ ಸುತ್ತಿದರೆ ಇಬ್ಬನಿಯ ತೇವ ಒಳಗೇ ನಿಂತು ತುಕ್ಕು ಹಿಡಿಯುತ್ತದೆ. ನನ್ನ ಶಾಸ್ತ್ರ ಇಷ್ಟೇ. ಕೋಥರೂಡದ ಒಂದು ಸೊಸೈಟಿಯ ಎಲ್ಲ ಫ್ಲ್ಯಾಟುಗಳ ಎಸಿ ನೋಡಿಕೊಳ್ಳುವ ಕೆಲಸ ನನ್ನದು. ನನ್ನ ಮನೆ ನಡೆಯುವುದು ಮುಖ್ಯವಾಗಿ ಅದರಿಂದಲೇ. ಹೋದ ಚಳಿಗಾಲ ಈ ಶಾಸ್ತ್ರ ಹಿಡಿದು ಆ ಕೆಲಸವನ್ನೇ ಕಳೆದುಕೊಳ್ಳುವುದರಲ್ಲಿದ್ದೆ. ಆದರೂ ಬಗ್ಗಲಿಲ್ಲ.

೧. ಕೌದಿ

ಮೊದಲ ಮಹಡಿಯ ಅಜ್ಜಿ ನಮ್ಮ ವಿಜಯಪುರದ ಕಡೆಯವರು. ಬಾಲ್ಕನಿಗೆ ಹೋಗಿ ನೋಡಿದರೆ ಹೊರಗಿನ ಪೆಟ್ಟಿಗೆಗೆ ಕೌದಿ ಹೊದಿಸಿ, ಹಗ್ಗ ಕಟ್ಟಿ, ಮೇಲಿನ ಮೂಲೆಗೆ ಒಂದು ಮಂಕಿ ಕ್ಯಾಪ್ ಸಿಕ್ಕಿಸಿದ್ದರು.

"ಅಜ್ಜಿ, ಇದೇನ್ರಿ?"

"ಥಂಡಿ ಭಾಳ ಬಿಟ್ಟದ ತಮ್ಮಾ. ಬ್ಯಾಸಿಗಿ ತುಂಬ ನಮ್ಮನ್ನ ತಣ್ಣಗ ಇಟ್ಟದ. ಈಗ ಅದನ್ನ ಬೆಚ್ಚಗ ಇಡೋದು ಬ್ಯಾಡೇನು?"

"ಅದು ಮಷೀನ್ರಿ, ಅದಕ್ಕ ಥಂಡಿ ಹತ್ತೂದಿಲ್ಲ. ಗಾಳಿ ಬೇಕ್ರಿ. ತಲಿ ಅಷ್ಟ ಮುಚ್ಚಬೇಕು."

ಕಾಲು ಗಂಟೆ ವಾದ ಮಾಡಿ ಕೌದಿ ಬಿಚ್ಚಿಸಿದೆ. ಟೋಪಿಗೆ ಕೈ ಹಾಕಿದಾಗ ಅಜ್ಜಿ ನನ್ನ ಕೈ ಹಿಡಿದರು.

"ತಲಿ ಮುಚ್ಚಬೇಕಂತ ನೀನ ಹೇಳಿದಿ!"

ಟೋಪಿ ಉಳಿಯಿತು.

೨. ಹತ್ತು ನಿಮಿಷ

ಬಂದ್ ಇದ್ದರೂ ತಿಂಗಳಿಗೊಮ್ಮೆ ಹತ್ತು ನಿಮಿಷ ಎಸಿ ಓಡಿಸಿ ಅಂತ ಎಲ್ಲರಿಗೂ ಹೇಳುತ್ತೇನೆ. ಯಾಕೆಂದರೆ ಕಂಪ್ರೆಸರಿನ ಒಳಗೆ ಎಣ್ಣೆ ಇರುತ್ತದೆ, ಅದು ಒಂದೇ ಕಡೆ ಕೂರದೆ ಓಡಾಡಬೇಕು. ಮೂರನೆಯ ಮಹಡಿಯ ನಿವೃತ್ತ ಮೇಷ್ಟ್ರು ಇದನ್ನು ಚಾಚೂ ತಪ್ಪದೆ ಪಾಲಿಸಿದರು. ಒಂದು ದಿನ ಅವರ ಮನೆಗೆ ಹೋದರೆ ಗಂಡ ಹೆಂಡತಿ ಸ್ವೆಟರ್ ಹಾಕಿಕೊಂಡು ಎಸಿ ಹಚ್ಚಿ ಕೂತಿದ್ದಾರೆ. ಹಾಸಿಗೆಯ ಮೇಲೆ ಹಾಲು, ಮೊಸರು, ಕೊತ್ತಂಬರಿ, ಎರಡು ಕೋಸುಗಡ್ಡೆ.

"ಏನ್ ಸರ್ ಇದು?"

"ತಂಪು ಸುಮ್ಮನೆ ಹಾಳಾಗಬಾರದಲ್ಲ," ಎಂದರು ಮೇಷ್ಟ್ರು. "ಅದಕ್ಕೇ ಈ ಹತ್ತು ನಿಮಿಷ ಫ್ರಿಜ್ ಬಂದ್ ಮಾಡಿದೀವಿ."

೩. ನೀಲಿ ಪ್ಲಾಸ್ಟಿಕ್

ಇಷ್ಟರಲ್ಲಿ ಸೊಸೈಟಿಯ ಸೆಕ್ರೆಟರಿ ಸಾಹೇಬರು ನೋಟೀಸು ಹಚ್ಚಿದರು: ಹೊರಗಿನ ಪೆಟ್ಟಿಗೆಗಳಿಗೆಲ್ಲ ಭಾನುವಾರದೊಳಗೆ ಮೆಕ್ಯಾನಿಕ್ ನೀಲಿ ಪ್ಲಾಸ್ಟಿಕ್ ಸುತ್ತತಕ್ಕದ್ದು. ಮೆಕ್ಯಾನಿಕ್ ಅಂದರೆ ನಾನು. ನೇರ ಅವರ ಮನೆಗೆ ಹೋದೆ. ಮಾತು ನಡೆದದ್ದು ಮರಾಠಿಯಲ್ಲಿ, ನಿಮಗಾಗಿ ಕನ್ನಡದಲ್ಲಿ ಬರೆಯುತ್ತೇನೆ.

"ನಾನು ಸುತ್ತುವುದಿಲ್ಲ ಸಾಹೇಬರೇ."

"ಹಾಗಾದರೆ ಸುತ್ತುವವನನ್ನು ಕರೆಸುತ್ತೇನೆ. ವರ್ಷದ ಕೆಲಸವೂ ಅವನಿಗೇ."

"ಕರೆಸಿ. ತಪ್ಪು ಕೆಲಸಕ್ಕೆ ನನ್ನ ಕೈ ಬರುವುದಿಲ್ಲ."

"ತಪ್ಪೇ? ನಮ್ಮನೆಯಲ್ಲಿ ಸೋಫಾಕ್ಕೆ ಪ್ಲಾಸ್ಟಿಕ್ ಇದೆ, ರಿಮೋಟಿಗೆ ಪ್ಲಾಸ್ಟಿಕ್ ಇದೆ. ಹನ್ನೆರಡು ವರ್ಷವಾಯಿತು. ಸೋಫಾ ಹಾಳಾಗಿದೆಯೇ?"

ಒಳಗಿನಿಂದ ಅವರ ಹೆಂಡತಿಯ ದನಿ ಬಂತು: "ಹೇಗೆ ಹಾಳಾಗುತ್ತದೆ? ಕೂರಲು ಬಿಟ್ಟರೆ ತಾನೇ!"

೪. ರೇನ್‌ಕೋಟು

ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ ಗಚ್ಚಿಯ ಮೇಲೆ ಸೊಸೈಟಿಯ ಸಭೆ. ಗಚ್ಚಿ ಅಂದರೆ ಕಟ್ಟಡದ ತಾರಸಿ. ಪುಣೆಯ ಚಳಿ ಬೆಳಿಗ್ಗೆ ಎಷ್ಟೇ ಇರಲಿ, ಹನ್ನೊಂದರ ಬಿಸಿಲು ಚುರುಗುಟ್ಟುತ್ತದೆ. ನನ್ನ ಕೆಲಸ ಇರಬೇಕೋ ಹೋಗಬೇಕೋ ಅಂತ ಅಲ್ಲೇ ತೀರ್ಮಾನ. ನಾನು ಎದ್ದು ನಿಂತೆ.

"ಸಾಹೇಬರು ರೇನ್‌ಕೋಟು ಹಾಕಿ, ಗುಂಡಿ ಪೂರ್ತಿ ಬಿಗಿದು, ಈ ಬಿಸಿಲಿನಲ್ಲಿ ಅರ್ಧ ಗಂಟೆ ಕೂರಲಿ. ಒಳಗೆ ಒಣಗಿದ್ದರೆ ಎಲ್ಲ ಪೆಟ್ಟಿಗೆಗೂ ನಾನೇ ಪ್ಲಾಸ್ಟಿಕ್ ಸುತ್ತಿ ಕೆಲಸ ಬಿಡುತ್ತೇನೆ. ಒದ್ದೆಯಾಗಿದ್ದರೆ ಪ್ಲಾಸ್ಟಿಕ್ ಬೇಡ, ಕೆಲಸ ನನ್ನದೇ."

ಸೋಲೊಪ್ಪುವ ಮನುಷ್ಯ ಅವರಲ್ಲ. "ತನ್ನಿ ರೇನ್‌ಕೋಟು!" ಎಂದರು. ಹೆಂಡತಿ ಕೆಳಗೆ ಹೋಗಿ ತಂದರು, ಅದನ್ನೂ ಒಂದು ಪ್ಲಾಸ್ಟಿಕ್ ಚೀಲದಿಂದ ಹೊರಗೆ ತೆಗೆದರು.

ಸಭೆ ನೀರಿನ ಟಾಕಿಯ ಬಗ್ಗೆ ಮಾತಾಡಿತು, ಪಾರ್ಕಿಂಗಿನ ಬಗ್ಗೆ ಜಗಳಾಡಿತು. ಸಾಹೇಬರ ಮುಖ ಕೆಂಪಾಯಿತು, ಕನ್ನಡಕ ಮಸುಕಾಯಿತು. ಕೇಳಿದವರಿಗೆಲ್ಲ "ಮಜೇತ್ ಆಹೇ" ಎಂದರು, ಅಂದರೆ ಮಜವಾಗಿದ್ದೇನೆ ಅಂತ.

ಅರ್ಧ ಗಂಟೆಗೆ ಹೆಂಡತಿಯೇ ಗುಂಡಿ ಬಿಚ್ಚಿದರು. ಅಂಗಿ ಮೈಗಂಟಿ ಒಳಗಿನ ಬನಿಯನ್ನಿನ ತೂತುಗಳೂ ಲೆಕ್ಕಕ್ಕೆ ಸಿಗುವಂತಿದ್ದವು.

"ಎಷ್ಟು ಬೆವರು!" ಎಂದರು ಮೇಷ್ಟ್ರು.

"ಬೆವರಲ್ಲ!" ಸಾಹೇಬರು ಗುಡುಗಿದರು. "ಗಾಳಿ ಆಡಲಿಲ್ಲ, ಅದಕ್ಕೇ ಒಳಗೆ ತೇವ ನಿಂತಿದೆ. ಅಷ್ಟೇ!"

ಅವರ ಹೆಂಡತಿ ಸಭೆಯ ರಿಜಿಸ್ಟರ್ ತೆರೆದು, ಪ್ಲಾಸ್ಟಿಕ್ ಬೇಡ, ಕೆಲಸ ಹಳೆಯ ಮೆಕ್ಯಾನಿಕ್‌ಗೇ ಅಂತ ಬರೆದು, ಕಾರಣದ ಜಾಗದಲ್ಲಿ ಗಂಡನ ಮಾತನ್ನು ಅಕ್ಷರಶಃ ಇಳಿಸಿ ಪೆನ್ನು ಮುಂದೆ ಹಿಡಿದರು.

"ಸಹಿ ಹಾಕಿ. ಮೊದಲು ಕೈ ಒರೆಸಿಕೊಳ್ಳಿ, ರಿಜಿಸ್ಟರಿಗೆ ತುಕ್ಕು ಹಿಡಿದೀತು."