ಹಿಡಿಯ ಮೇಲಿನ ಗಂಧದ ಬೊಟ್ಟು

ಕೆಲವರಿಗೆ ಹಾವು ಕಂಡರೆ ಭಯ. ನನಗೆ ಯಾವುದಾದರೂ ಸರಿಯಾಗಿ ನಡೆಯುತ್ತಿದೆ ಎಂದರೇ ಭಯ. ಬಸ್ಸು ವೇಳೆಗೆ ಬಂದರೆ ಅದರ ಬ್ರೇಕಿನ ಮೇಲೆ ಅನುಮಾನ ಶುರುವಾಗುತ್ತದೆ. ಇಂಥ ಧೈರ್ಯಶಾಲಿಯನ್ನು ಹಾಸನದ ಕೈಗಾರಿಕಾ ಪ್ರದೇಶದ ಸಣ್ಣ ಕಾರ್ಖಾನೆಯೊಂದರಲ್ಲಿ ತಪಾಸಣೆಗೆ ನೇಮಿಸಿದ್ದರು. ತಪ್ಪು ಹುಡುಕಿದರೆ ಅಲ್ಲಿ ಸಂಬಳ. ಮನೆಯಲ್ಲಿ ಅದೇ ಕೆಲಸ ಪುಕ್ಕಟೆ ಮಾಡಿದರೂ ಬೈಗುಳ.

ಎರಡು ಸಾವಿರದ ಇಸವಿ ದಾಟಿದ ಮೇಲೆ ಕಂಪ್ಯೂಟರ್ ಹೇಳಿದಂತೆ ಕೊರೆಯುವ ನಮ್ಮ ಸಿಎನ್‌ಸಿ ಯಂತ್ರಕ್ಕೊಂದು ಡಿಜಿಟೈಸಿಂಗ್ ಪ್ರೋಬ್ ಬಂತು. ಬೆರಳುದ್ದದ ಕಡ್ಡಿ, ತುದಿಯಲ್ಲೊಂದು ಪುಟ್ಟ ಕೆಂಪು ಗುಂಡು. ಹೆಣ್ಣು ನೋಡಲು ಬಂದ ಸೋದರತ್ತೆಯ ಹಾಗೆ, ಎದುರಿಗಿಟ್ಟ ವಸ್ತುವನ್ನು ಸಾವಿರಾರು ಸಲ ಮುಟ್ಟಿ, ಒಂದು ಉಬ್ಬುತಗ್ಗನ್ನೂ ಬಿಡದೆ ಕಂಪ್ಯೂಟರಿಗೆ ಚಾಡಿ ಹೇಳುತ್ತದೆ. ಯಂತ್ರ ಅಂಥದ್ದನ್ನೇ ಇನ್ನೊಂದು ಕೊರೆಯುತ್ತದೆ.

ಮೊದಲು ಬಂದದ್ದು ಚನ್ನರಾಯಪಟ್ಟಣದಲ್ಲಿ ಎಳನೀರು ಮಾರುವ ಕಾಳಮ್ಮನ ಮಚ್ಚಿನ ಹಿಡಿ. ಅಂಥದ್ದೇ ಇನ್ನೊಂದು ಮಾಡಿಕೊಡುವುದಾಗಿ ಕಾರ್ಖಾನೆಯ ಮಾಲೀಕರೇ ಆಕೆಗೆ ಮಾತು ಕೊಟ್ಟಿದ್ದರು. ಕಾಳಮ್ಮನ ಬಲಗೈಯ ಎರಡು ಬೆರಳು ಮಡಚುವುದಿಲ್ಲ. ಆ ಕೈಗೆ ಒಪ್ಪುವಂತೆ ಆಚಾರಿಯೊಬ್ಬರು ಕೆತ್ತಿದ್ದ ಹಿಡಿ ಸೀಳು ಬಿಟ್ಟಿತ್ತು. ಆಚಾರಿಗೆ ಈಗ ಕಣ್ಣು ಕಾಣದು.

"ಅಂಗ್ಡಿ ಹಿಡಿ ಹಾಕುಸ್ದೆ ಸಾ. ಮಚ್ಚು ಜಾರಿ ಗಿರಾಕಿ ಕಾಲ್ ಪಕ್ಕಕ್ಕೇ ಬಿತ್ತು. ಎಳ್ನೀರೂ ಕುಡೀದೆ ಓಡೋದ. ಇದಾಗ್ನಿಲ್ಲ ಅಂದ್ರೆ ನಾನು ಯಾಪಾರ ಬುಡ್ಬೇಕಾಯ್ತದೆ" ಎಂದಳು.

ಮರುದಿನ ಆಯುಧಪೂಜೆ. ಹೊಸ ಪ್ರೋಬ್, ಮೊದಲ ಕೆಲಸ, ಎದುರಿಗೆ ಮಚ್ಚಿನ ಹಿಡಿ. ನನ್ನಂಥವನಿಗೆ ಇಷ್ಟು ಸಾಲದೆ? ಸ್ವಿಚ್ಚಿಗೆ, ಕೀಬೋರ್ಡಿಗೆ, ಕೊನೆಗೆ ಹಿಡಿಗೂ ಧಾರಾಳವಾಗಿ ಗಂಧ ಮೆತ್ತಿ ಕುಂಕುಮವಿಟ್ಟೆ. ಹಬ್ಬ ಕಳೆದು ಕೆಲಸ ಶುರುವಾದಾಗ ಯಂತ್ರ ನಡೆಸುವ ಪುಟ್ಟಸ್ವಾಮಿ ಹಿಡಿ ಒರೆಸಲು ಬಟ್ಟೆ ತೆಗೆದ.

"ಒರೆಸಬೇಡಿ! ಅಪಶಕುನ" ಎಂದೆ.

"ಮಿಸಿನ್‌ಗೆ ಭಕ್ತಿ ಇಲ್ಲ ಕಣ್ ಸಾ, ಮುಟ್ಟಿದ್ನೆಲ್ಲ ಕೆತ್ಬುಡ್ತದೆ."

"ನನಗಿದೆಯಲ್ಲ, ಸಾಕು."

ಹೊಸ ಹಿಡಿ ಬಂತು. ಹಳೆಯದರೊಡನೆ ಹೋಲಿಸಿ ಅಳೆದೆ, ಕೂದಲೆಳೆಯ ವ್ಯತ್ಯಾಸವಿಲ್ಲ. 'ಸರಿಯಿದೆ' ಎಂದು ಹೆಮ್ಮೆಯಿಂದ ಮೊಹರು ಒತ್ತಿದೆ. ಒಯ್ಯಲು ಬಂದ ಕಾಳಮ್ಮ ಹಿಡಿದು ನೋಡಿ ಹುಬ್ಬು ಗಂಟಿಕ್ಕಿದಳು.

"ಇದೇನ್ ಸಾ, ಅಂಗೈಯಾಗೆ ಉಣ್ಸೆಬೀಜ ಇಟ್ಕಂಡಂಗೈತೆ?"

"ಅಳತೆ ಪಕ್ಕಾ ಇದೆಯಮ್ಮ" ಎಂದು ಅಧಿಕಾರವಾಣಿಯಲ್ಲಿ ಹೇಳಿದೆ.

ಆಕೆ ಹಳೆಯ ಹಿಡಿ ತೆಗೆದುಕೊಂಡು ಒಣಗಿದ ಗಂಧವನ್ನು ಉಗುರಿನಿಂದ ಕೆರೆದಳು. "ಅಯ್ಯೋ ಶಿವ್ನೆ, ಬೊಟ್ಟನ್ನೂ ಕೆತ್ತವ್ರಲ್ಲಪ್ಪೋ!" ಎಂದು ನಗುತ್ತಾ ಅಲ್ಲೇ ಸ್ಟೂಲಿನ ಮೇಲೆ ಕುಸಿದಳು. ಪುಟ್ಟಸ್ವಾಮಿ ಗೋಡೆಯ ಕಡೆ ತಿರುಗಿ ಹೆಗಲು ಕುಣಿಸುತ್ತಿದ್ದ. ನಗು ನಿಂತ ಮೇಲೆ ಆಕೆ ಮೆಲ್ಲಗೆ, "ಇವತ್ತೇ ಆದಾತಾ ಸಾ? ನಾಳೀಕೆ ಕಾಯಿ ಬತ್ತವೆ" ಎಂದಳು. ಅಧಿಕಾರವಾಣಿಯನ್ನು ಬದಿಗಿಟ್ಟು, "ಸಂಜೆಗೇ ಆಗುತ್ತದಮ್ಮ" ಎಂದೆ.

ನಾನು ಶಕುನ ಯೋಚಿಸುವಷ್ಟರಲ್ಲಿ ಆಕೆಯೇ ಸೆರಗಿನಿಂದ ಹಳೆಯ ಹಿಡಿಯನ್ನು ಉಜ್ಜಿ ಒರೆಸಿಕೊಟ್ಟಳು. ಪ್ರೋಬ್ ಮತ್ತೆ ಮೊದಲಿನಿಂದ ಮುಟ್ಟತೊಡಗಿತು. ಸಂಜೆಗೆ ಎರಡನೆಯ ಹಿಡಿ ಸಿದ್ಧವಾಯಿತು. ಅದಕ್ಕೆ ಮಚ್ಚು ಕೂರಿಸಿ ಗಾಳಿಯಲ್ಲಿ ನಾಲ್ಕು ಸಲ ಬೀಸಿದಳು. ನಾನು ಎಂಟು ಹೆಜ್ಜೆ ಹಿಂದೆ ಸರಿದೆ. "ಈಗ ಕುಂತ್ಕತು ಕಣ್ ಸಾ" ಎಂದು ಹೊರಟಳು.

ಇನ್ನು ಉಳಿದದ್ದು ಮೊದಲ ಹಿಡಿ ಕೆಟ್ಟದ್ದರ ವರದಿ. 'ಕಾರಣ' ಎಂಬಲ್ಲಿ ಬಹಳ ಯೋಚಿಸಿ 'ಧೂಳು' ಎಂದು ಬರೆದೆ. 'ಮತ್ತೆ ಹೀಗಾಗದಂತೆ ಕ್ರಮ' ಎಂಬಲ್ಲಿ ಪೆನ್ನು ನಿಂತಿತು. ಪುಟ್ಟಸ್ವಾಮಿ ಪೆನ್ನು ಇಸಕೊಂಡು ದುಂಡಗೆ ಬರೆದ: 'ಪೂಜೆಯ ದಿನ ತಪಾಸಣೆಯವರಿಗೆ ರಜೆ ಕೊಡುವುದು.' ಅದರಲ್ಲಿ ತಪ್ಪೇನಾದರೂ ಸಿಕ್ಕೀತೆಂದು ಎರಡು ಸಲ ಓದಿದೆ. ಸಿಗಲಿಲ್ಲ. ಕೆಳಗೆ ಸಹಿ ಹಾಕಿದೆ.